ಕುಳಿಯೋ, ಗುಡ್ಡವೋ?

ಆಗಸ್ಟ್ 23 ಬಂತೆಂದರೆ ಈಗ ಶಾಲೆಗಳಲ್ಲಿ ರಾಷ್ಟ್ರೀಯ ಬಾಹ್ಯಾಕಾಶ ದಿನದ ಸಡಗರ. ರಟ್ಟಿನ ರಾಕೆಟ್ಟು, ಥರ್ಮೋಕೋಲಿನ ಚಂದ್ರ, ಗೋಡೆಯ ತುಂಬ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳು. ಅಂಥದೊಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಚಂದ್ರನ ಮೇಲ್ಮೈಯ ಚಿತ್ರವನ್ನು ರಟ್ಟಿಗೆ ಅಂಟಿಸಿ ತಂದಳು. ಕೆಳಗೆ ದುಂಡು ಅಕ್ಷರದಲ್ಲಿ 'ಚಂದ್ರನ ಮೇಲಿನ ಗುಡ್ಡಗಳು' ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ 'ಗುಡ್ಡ'ವನ್ನು ಹೊಡೆದುಹಾಕಿ 'ಕುಳಿ' ಎಂದು ತಿದ್ದಿದೆ.

"ಉಬ್ಬಿಕೊಂಡಿದೆಯಲ್ಲ ಸಾರ್, ನೋಡಿ" ಎಂದಳು.

"ಪುಸ್ತಕದಲ್ಲಿ ಕುಳಿ ಅಂತ ತಾನೇ ಇರೋದು? ಹೋಗು" ಎಂದೆ. ಹೆಚ್ಚುಕಡಿಮೆ ಮೂವತ್ತು ವರ್ಷ ಪಾಠ ಮಾಡಿದವನ ಗತ್ತು.

ಸಂಜೆ ಬಹುಮಾನಕ್ಕೆ ಆರಿಸಲೆಂದು ಆ ರಟ್ಟುಗಳನ್ನೆಲ್ಲ ನವುಲೆಯ ಮನೆಗೆ ತಂದಿದ್ದೆ. ಅವಳದನ್ನು ಮೇಜಿನ ಮೇಲಿಟ್ಟು ನೋಡಿದರೆ ನಿಜವಾಗಿಯೂ ಉಬ್ಬುಗಳೇ ಕಾಣುತ್ತಿದ್ದವು, ಬೊಕ್ಕೆ ಎದ್ದ ಮೈಯಂತೆ. ರಟ್ಟನ್ನು ಅತ್ತಿತ್ತ ಸರಿಸುವಾಗ ಅದು ತಲೆಕೆಳಗಾಯಿತು. ತಕ್ಷಣ ಅಷ್ಟೂ ಗುಡ್ಡಗಳು ಕುಳಿಗಳಾಗಿಬಿಟ್ಟವು! ಮತ್ತೆ ತಿರುಗಿಸಿದೆ, ಮತ್ತೆ ಗುಡ್ಡ. ಹುಡುಗಿ ಚಿತ್ರವನ್ನು ತಲೆಕೆಳಗಾಗಿ ಅಂಟಿಸಿದ್ದಳು, ಅಷ್ಟೆ. ಅವಳು ಕಂಡದ್ದನ್ನು ಬರೆದಿದ್ದಳು; ನಾನು ನೋಡದೆಯೇ ತಿದ್ದಿದ್ದೆ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಪಡ್ಡು ಮಾಡುವ ಕಾವಲಿಯನ್ನು ಕತ್ತಲೆ ಕೋಣೆಯಲ್ಲಿಟ್ಟು, ಒಂದು ಬದಿಯಿಂದ ಟಾರ್ಚ್ ಬಿಡಿ. ನೇರ ಮೇಲಿನಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಟಾರ್ಚ್ ಇದ್ದ ಬದಿ ಮೇಲಕ್ಕೆ ಬರುವಂತೆ ಚಿತ್ರವನ್ನು ಹಿಡಿದರೆ ಗುಳಿಗಳು ಗುಳಿಗಳಾಗಿಯೇ ಕಾಣುತ್ತವೆ. ಅದೇ ಬದಿಯನ್ನು ಕೆಳಕ್ಕೆ ತಿರುಗಿಸಿದರೆ ಕಾವಲಿಯ ತುಂಬ ಬೆಂದ ಪಡ್ಡುಗಳು ಕೂತಂತೆ ಕಾಣುತ್ತದೆ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಮಿದುಳು ಹುಟ್ಟಿದಾಗಿನಿಂದ ನಂಬಿಕೊಂಡಿದೆ. ಸೂರ್ಯ ಇರುವುದು ಮೇಲೆ ತಾನೇ? ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದಿದ್ದರೂ ಮಿದುಳು ತನ್ನ ನಂಬಿಕೆ ಬಿಡುವುದಿಲ್ಲ. ಹಳ್ಳವನ್ನೇ ದಿಣ್ಣೆ ಮಾಡಿಬಿಡುತ್ತದೆ.

ಹಾಗಾದರೆ ಚಂದ್ರನ ಸುತ್ತ ಸುತ್ತುವ ನೌಕೆ ಕಳಿಸಿದ ಚಿತ್ರದಲ್ಲಿ ಯಾವುದು ಕುಳಿ, ಯಾವುದು ಗುಡ್ಡ ಎಂದು ತೀರ್ಮಾನಿಸುವವರು ಯಾರು? ತಪ್ಪಿದರೆ ಇಲ್ಲಿ ಒಂದು ಅಂಕ ಹೋಗಬಹುದು. ಅಲ್ಲಿ ಇಳಿಯಲು ಹೋದ ನೌಕೆಯೇ ಹೋಗುತ್ತದೆ.

ಮೊದಲ ಉತ್ತರ ನೆರಳು. ಸೂರ್ಯ ಯಾವ ಕಡೆಗಿದ್ದಾನೆಂದು ಗೊತ್ತಿದ್ದರೆ ಸಾಕು. ಕುಳಿಯಾದರೆ ಸೂರ್ಯನ ಕಡೆಯ ಗೋಡೆ ಕತ್ತಲೆ, ಎದುರು ಗೋಡೆ ಬೆಳಕು. ಗುಡ್ಡವಾದರೆ ಇದರ ತಿರುಗುಮುರುಗು. ನೆರಳಿನ ಉದ್ದ ಅಳೆದರೆ ಎತ್ತರವೂ ಸಿಗುತ್ತದೆ. ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ ಧ್ವಜಸ್ತಂಭದ ನೆರಳು ಅದರ ಎತ್ತರದಷ್ಟೇ ಇರುತ್ತದೆ; 10 ಡಿಗ್ರಿಯಲ್ಲಿದ್ದಾಗ ಎತ್ತರದ ಐದೂವರೆ ಪಟ್ಟಿಗಿಂತ ತುಸು ಹೆಚ್ಚು. ಹತ್ತನೆಯ ತರಗತಿಯ ತ್ರಿಕೋನಮಿತಿ ಇಷ್ಟಕ್ಕೆ ಧಾರಾಳವಾಯಿತು. ನೇರ ನೆತ್ತಿಯ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಮಾತ್ರ ನೆರಳೇ ಇಲ್ಲ, ಎಲ್ಲವೂ ಚಪ್ಪಟೆ. ಹುಣ್ಣಿಮೆಯ ಚಂದ್ರ ಬೈನಾಕ್ಯುಲರಿನಲ್ಲಿ ಸಪ್ಪೆಯಾಗಿ ಕಾಣುವುದು ಇದಕ್ಕೇ. ಶುಕ್ಲಪಕ್ಷದ ಅಷ್ಟಮಿಯ ಸಂಜೆ ನೋಡಿ. ಬೆಳಕು ಮತ್ತು ಕತ್ತಲೆ ಸೇರುವ ಗೆರೆಯುದ್ದಕ್ಕೂ ಕುಳಿಗಳು ಕೆತ್ತಿ ಇಟ್ಟಂತೆ ಕಾಣುತ್ತವೆ.

ನಮಗೆ ಇಲ್ಲಿಂದ ಕಾಣುವುದು ಚಂದ್ರನ ಒಂದೇ ಮುಖ. ಇನ್ನೊಂದು ಮುಖದ ಮೊದಲ ಚಿತ್ರಗಳನ್ನು ತೆಗೆದದ್ದು ಸೋವಿಯತ್ ಒಕ್ಕೂಟದ ಲೂನಾ-3, 1959ರ ಅಕ್ಟೋಬರ್ 7ರಂದು. ಫಿಲ್ಮಿನ ಕಾಲ ಅದು. ನೌಕೆಯೊಳಗೇ ಫಿಲ್ಮ್ ತೊಳೆದು, ಒಣಗಿಸಿ, ಅದನ್ನು ಗೆರೆಗೆರೆಯಾಗಿ ಓದಿ ರೇಡಿಯೋ ಮೂಲಕ ಕಳಿಸಬೇಕಿತ್ತು. ಸ್ಟುಡಿಯೋದ ಡಾರ್ಕ್‌ರೂಮನ್ನು ಕಂಡಿರುವ ಹಿರಿಯರಿಗೆ ಇದೆಂಥ ಸಾಹಸವೆಂದು ಅರ್ಥವಾದೀತು. ಚಂದ್ರನ ಕಕ್ಷೆಯಲ್ಲೇ ಸುತ್ತುತ್ತ ಇದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವು ಅಮೆರಿಕದ ಐದು ಲೂನಾರ್ ಆರ್ಬಿಟರ್‌ಗಳು. 1966 ಮತ್ತು 1967ರಲ್ಲಿ ಅವು ಚಂದ್ರನ ಶೇಕಡಾ 99 ಭಾಗದ ಚಿತ್ರ ತೆಗೆದವು. ಅಪೊಲೊ ಯಾತ್ರಿಕರು ಇಳಿಯುವ ಜಾಗಗಳನ್ನು ಆರಿಸಲು ಆಧಾರವಾದದ್ದು ಆ ಚಿತ್ರಗಳೇ.

ನಮ್ಮ ಸರದಿ ಬಂದದ್ದು 2008ರಲ್ಲಿ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಚಂದ್ರಯಾನ-1 ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹೊರಟಿತು. (ಆ ಕೇಂದ್ರಕ್ಕೆ ಈಗ ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರು.) ನವೆಂಬರ್ 8ರಂದು ನೌಕೆ ಚಂದ್ರನ ಕಕ್ಷೆ ಸೇರಿತು, ನಾಲ್ಕು ದಿನಗಳಲ್ಲಿ 100 ಕಿ.ಮೀ. ಎತ್ತರದ ಕಕ್ಷೆಗೆ ಇಳಿಯಿತು. ಅದರಲ್ಲಿದ್ದ ಹನ್ನೊಂದು ಉಪಕರಣಗಳಲ್ಲಿ ಐದು ನಮ್ಮವು, ಆರು ಹೊರದೇಶಗಳವು. ನಮ್ಮವುಗಳಲ್ಲಿ ಒಂದು ಅಹಮದಾಬಾದಿನಲ್ಲಿ ತಯಾರಾದ ನೆಲನಕ್ಷೆಯ ಕ್ಯಾಮೆರಾ, ಟಿ.ಎಂ.ಸಿ. ನನ್ನ ಈ ವಾರದ ಕಥಾನಾಯಕ ಅದೇ.

ಈ ಕ್ಯಾಮೆರಾ ನಮ್ಮ ಮೊಬೈಲಿನಂತೆ 'ಕ್ಲಿಕ್' ಎಂದು ಇಡೀ ಚಿತ್ರ ತೆಗೆಯುವುದಿಲ್ಲ. ಅದರೊಳಗೆ ಬೆಳಕನ್ನು ಅಳೆಯುವ 4,000 ಚುಕ್ಕಿಗಳ ಒಂದು ಸಾಲು ಇರುತ್ತದೆ. ಒಂದೊಂದು ಚುಕ್ಕಿ ಚಂದ್ರನ ಮೇಲೆ 5 ಮೀಟರ್ ಜಾಗವನ್ನು ನೋಡುತ್ತದೆ. ಹಾಗಾಗಿ ಒಂದು ಸಾಲಿನ ಅಗಲ 20 ಕಿ.ಮೀ.; ಹೆಚ್ಚುಕಡಿಮೆ ಶಿವಮೊಗ್ಗದಿಂದ ಭದ್ರಾವತಿಗೆ ಇರುವಷ್ಟು. ನೌಕೆ ಮುಂದಕ್ಕೆ ಓಡಿದಂತೆ ಸಾಲಿನ ಕೆಳಗೆ ಸಾಲು ಸೇರಿ ಚಿತ್ರ ಬೆಳೆಯುತ್ತದೆ. ಅಂಗಳವನ್ನು ಅಗಲ ಪೊರಕೆಯಿಂದ ಗುಡಿಸಿಕೊಂಡು ಹೋಗುವ ಹಾಗೆ.

ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಚಂದ್ರನ ಸುತ್ತಳತೆ ಸುಮಾರು 10,900 ಕಿ.ಮೀ. ನೌಕೆ ಒಂದು ಸುತ್ತು ಬರಲು ಸುಮಾರು 118 ನಿಮಿಷ. ಅಂದರೆ ಅದರ ಕೆಳಗೆ ನೆಲ ಸೆಕೆಂಡಿಗೆ ಒಂದೂವರೆ ಕಿ.ಮೀ. ವೇಗದಲ್ಲಿ ಜಾರುತ್ತದೆ. ಐದು ಮೀಟರ್ ಜಾರಲು ಸೆಕೆಂಡಿನ ಮುನ್ನೂರರಲ್ಲಿ ಒಂದು ಪಾಲು. ಅಷ್ಟರೊಳಗೆ ಒಂದು ಸಾಲು ಓದಿ ಮುಗಿಸಬೇಕು. ಹೀಗೆ ಸೆಕೆಂಡಿಗೆ ಮುನ್ನೂರು ಸಾಲು, ಸಾಲಿಗೆ ನಾಲ್ಕು ಸಾವಿರ ಚುಕ್ಕಿ; ಒಟ್ಟು 12 ಲಕ್ಷ ಚುಕ್ಕಿಗಳು, ಪ್ರತಿ ಸೆಕೆಂಡಿಗೆ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟವಾದದ್ದು. ನೌಕೆ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿರುವಾಗ ಅದರ ಕೆಳಗೆ ಚಂದ್ರ ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿರುತ್ತಾನೆ, 27.3 ದಿನಕ್ಕೆ ಒಂದು ಬಾರಿ. ಒಂದು ಸುತ್ತಿನ ಅವಧಿಯಲ್ಲಿ ಸಮಭಾಜಕದ ಬಳಿ ನೆಲ ಸುಮಾರು 33 ಕಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಕ್ಯಾಮೆರಾದ ಪಟ್ಟಿಯೋ 20 ಕಿ.ಮೀ. ಅಗಲ. ಎರಡು ಪಟ್ಟಿಗಳ ನಡುವೆ 13 ಕಿ.ಮೀ. ಖಾಲಿ! ಅದನ್ನು ತುಂಬಲು ಮುಂದಿನ ತಿಂಗಳವರೆಗೆ ಕಾಯಬೇಕು. ಅಷ್ಟರಲ್ಲಿ ಬಿಸಿಲಿನ ಕೋನ ಬದಲಾಗಿರುತ್ತದೆ, ನೆರಳುಗಳು ಬೇರೆ ಉದ್ದದವು. ಪಕ್ಕದ ಪಟ್ಟಿಗೆ ಹೊಂದಿಸಿ ಹೊಲಿಯುವುದು ಸುಲಭದ ಕೆಲಸವಲ್ಲ. ಚಂದ್ರನ ನಕ್ಷೆ ಒಂದೇ ಬಟ್ಟೆಯಲ್ಲ, ಕೌದಿ. ಧ್ರುವಗಳ ಬಳಿ ಇದಕ್ಕೆ ವಿರುದ್ಧ. ಅಲ್ಲಿ ಎಲ್ಲ ಪಟ್ಟಿಗಳೂ ಒಂದರ ಮೇಲೊಂದು ಬೀಳುತ್ತವೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಟಿ.ಎಂ.ಸಿ.ಗೆ ಇದ್ದದ್ದು ಒಂದು ಸಾಲಲ್ಲ, ಮೂರು. ಒಂದು ನೇರ ಕೆಳಕ್ಕೆ ನೋಡುತ್ತದೆ, ಒಂದು 25 ಡಿಗ್ರಿ ಮುಂದಕ್ಕೆ, ಇನ್ನೊಂದು 25 ಡಿಗ್ರಿ ಹಿಂದಕ್ಕೆ. ಒಂದು ಕುಳಿಯನ್ನು ಮುಂಗಣ್ಣು ಮೊದಲು ನೋಡುತ್ತದೆ, ಸುಮಾರು ಅರ್ಧ ನಿಮಿಷದ ನಂತರ ನಡುಗಣ್ಣು, ಇನ್ನರ್ಧ ನಿಮಿಷಕ್ಕೆ ಹಿಂಗಣ್ಣು. ಬಿಸಿಲು ಬದಲಾಗುವ ಮುಂಚೆ ಅದೇ ಜಾಗದ ಮೂರು ನೋಟ ಕೈಗೆ ಬಂತು.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಹಾರಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಹಾರಾಟ ಹೆಚ್ಚು. ಚಂದ್ರನ ಮೇಲೆಯೂ ಹೀಗೆಯೇ. ಮುಂಗಣ್ಣಿನ ಚಿತ್ರದಲ್ಲಿ ಗುಡ್ಡದ ತುದಿ ತನ್ನ ನಿಜವಾದ ಜಾಗಕ್ಕಿಂತ ಸ್ವಲ್ಪ ಮುಂದಕ್ಕೆ ಸರಿದಂತೆ ಮೂಡುತ್ತದೆ, ಹಿಂಗಣ್ಣಿನದರಲ್ಲಿ ಹಿಂದಕ್ಕೆ. ಕುಳಿಯ ತಳ ಸರಿಯುವುದು ಇದಕ್ಕೆ ಸರಿಯಾಗಿ ತದ್ವಿರುದ್ಧ ದಿಕ್ಕಿಗೆ. ಅಲ್ಲಿಗೆ ಗುಡ್ಡವೋ ಕುಳಿಯೋ ಎಂಬ ಜಗಳ ಮುಗಿಯಿತು. ರಟ್ಟನ್ನು ಹೇಗೆ ಬೇಕಾದರೂ ತಿರುಗಿಸಿ, ಸರಿದ ದಿಕ್ಕು ಸುಳ್ಳು ಹೇಳುವುದಿಲ್ಲ. ಎಷ್ಟು ಸರಿದಿದೆ ಎಂಬುದರಿಂದ ಎತ್ತರ ಸಿಗುತ್ತದೆ. 25 ಡಿಗ್ರಿ ಓರೆಯಲ್ಲಿ 100 ಮೀಟರ್ ಗುಡ್ಡ ಸುಮಾರು 47 ಮೀಟರ್ ಸರಿಯುತ್ತದೆ, ಅಂದರೆ ಒಂಬತ್ತು ಚುಕ್ಕಿ.

ಚಂದ್ರಯಾನ-2ರಲ್ಲಿ ಹೋದ ಇದೇ ಬಗೆಯ ಕ್ಯಾಮೆರಾ 2020ರ ಜುಲೈ 30ರಂದು ಚಂದ್ರನ ಮೇಲಿನ ಸಾರಾಭಾಯಿ ಕುಳಿಯ ಚಿತ್ರ ತೆಗೆಯಿತು. ವಿಕ್ರಮ್ ಸಾರಾಭಾಯಿ ಅವರ ಹೆಸರಿನ, ಸುಮಾರು 8 ಕಿ.ಮೀ. ಅಗಲದ ಕುಳಿ ಅದು. ಅಂಚಿನಿಂದ ತಳಕ್ಕೆ ಸುಮಾರು 1.7 ಕಿ.ಮೀ. ಆಳ ಎಂದು ಇಸ್ರೋ ಅಳೆಯಿತು. ನಮ್ಮ ಜೋಗದ ಎತ್ತರ 253 ಮೀಟರ್. ಒಂದರ ಮೇಲೊಂದು ಆರೂವರೆ ಜೋಗ ಇಳಿದರೂ ಆ ಕುಳಿಯ ತಳ ಇನ್ನೂ ತುಸು ಕೆಳಗೇ ಉಳಿಯುತ್ತದೆ.

ಇಷ್ಟನ್ನೂ ಮರುದಿನ ತರಗತಿಯಲ್ಲಿ ಹೇಳಿದೆ, ನನ್ನ ತಪ್ಪಿನ ಸಮೇತ. ಅದು ಮನೆಗೂ ತಲುಪಿತೆಂದು ಕಾಣುತ್ತದೆ. ಮುಂದಿನ ಪೋಷಕರ ಸಭೆಗೆ ಬಂದ ಹುಡುಗಿಯ ತಂದೆ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಹಾಕಿದರು. ಅವರು ಜಮೀನು ಅಳತೆ ಮಾಡುವ ಸರ್ವೆಯರು.

"ಎಲ್ಲ ಸರಿ ಮೇಷ್ಟ್ರೇ. ಫೋಟೋ ತೆಗೆದರೆ ನಕ್ಷೆ ಆಗೋದಿಲ್ಲ. ಅಲ್ಲಿ ಗಡಿಕಲ್ಲು ಎಲ್ಲಿದೆ? ಯಾವ ಕಲ್ಲಿಂದ ಚೈನು ಹಿಡೀತಾರೆ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ವಿಜ್ಞಾನ ಮೇಳದಲ್ಲೂ ಕೇಳಿಲ್ಲ. ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಅದು ಎಲ್ಲಿಯದು ಎಂದು ತಿಳಿಯದಿದ್ದರೆ ಅದು ನಕ್ಷೆಯಲ್ಲ, ಬರೀ ಕ್ಯಾಲೆಂಡರಿನ ಚಿತ್ರ. ಎರಡು ಸಂಗತಿ ಗೊತ್ತಿರಬೇಕು: ಚಿತ್ರ ತೆಗೆದಾಗ ನೌಕೆ ಎಲ್ಲಿತ್ತು, ಅದರ ಕಣ್ಣು ಎತ್ತ ನೆಟ್ಟಿತ್ತು.

ನೌಕೆ ಎಲ್ಲಿದೆ ಎಂದು ಹೇಳುವುದು ಬ್ಯಾಲಾಳು. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಈ ಹಳ್ಳಿಯಲ್ಲಿ ಚಂದ್ರಯಾನ-1ಕ್ಕಾಗಿ 32 ಮೀಟರ್ ಮತ್ತು 18 ಮೀಟರ್ ಅಗಲದ ಎರಡು ಬೋಗುಣಿ ಆಂಟೆನಾಗಳನ್ನು ನಿಲ್ಲಿಸಿದರು. ಸುತ್ತಲ ನೆಲವೂ ಬೋಗುಣಿಯಂತೆಯೇ ಇರುವುದರಿಂದ ಪಟ್ಟಣದ ರೇಡಿಯೋ ಗದ್ದಲ ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ನೌಕೆ ಚಂದ್ರನ ಹಿಂಬದಿಗೆ ಹೋದಾಗ ಸಂಪರ್ಕವಿಲ್ಲ; ಚಿತ್ರಗಳನ್ನು ನೆನಪಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಈಚೆಗೆ ಬಂದಾಗ ಕಳಿಸುತ್ತದೆ. ಅಲ್ಲಿಂದ ಹೊರಟ ಸಂದೇಶ ಇಲ್ಲಿಗೆ ಮುಟ್ಟಲು ಒಂದೂಕಾಲು ಸೆಕೆಂಡಿಗಿಂತ ಕೊಂಚ ಹೆಚ್ಚು.

ಕಣ್ಣು ಎತ್ತ ನೆಟ್ಟಿದೆ ಎಂದು ಹೇಳುವುದು ನಕ್ಷತ್ರಗಳು. ಹಳೆಯ ಕಾಲದ ನಾವಿಕರಂತೆ ನೌಕೆಯೂ ನಕ್ಷತ್ರ ಸಂವೇದಕಗಳ ಮೂಲಕ ತಾರೆಗಳನ್ನು ನೋಡಿ ತನ್ನ ದಿಕ್ಕು ತಿಳಿಯುತ್ತದೆ. ಇಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೆ 100 ಕಿ.ಮೀ. ಕೆಳಗಿನ ನೆಲದಲ್ಲಿ ಒಂದೂಮುಕ್ಕಾಲು ಕಿ.ಮೀ. ತಪ್ಪುತ್ತದೆ. 2009ರ ಬೇಸಿಗೆಯಲ್ಲಿ ಚಂದ್ರಯಾನ-1ಕ್ಕೆ ಬಂದದ್ದು ಇದೇ ಸಂಕಟ. ನಕ್ಷತ್ರ ಸಂವೇದಕಗಳು ಕೈಕೊಟ್ಟವು. ಚಂದ್ರನ ನೆಲದ ಕಾವು ಅಂದಾಜಿಗಿಂತ ಹೆಚ್ಚಾಗಿ ನೌಕೆಯನ್ನು ಬಾಧಿಸುತ್ತಿತ್ತು. ಮೇ ತಿಂಗಳಲ್ಲಿ ಅದನ್ನು 200 ಕಿ.ಮೀ.ಗೆ ಏರಿಸಿದರು, ಜೈರೋಸ್ಕೋಪುಗಳನ್ನು ನೆಚ್ಚಿಕೊಂಡು ಕೆಲಸ ಮುಂದುವರಿಸಿದರು. ಎತ್ತರ ಇಮ್ಮಡಿಯಾದಾಗ ಚಿತ್ರದ ಪಟ್ಟಿ ಅಗಲವಾಯಿತು, ಆದರೆ ಒಂದು ಚುಕ್ಕಿಯ ಪಾಲಿನ ನೆಲ 5 ಮೀಟರಿನಿಂದ 10 ಮೀಟರಿಗೆ ಹಿಗ್ಗಿತು. ಎರಡು ವರ್ಷ ದುಡಿಯಬೇಕಿದ್ದ ನೌಕೆ 312ನೆಯ ದಿನ, ಆಗಸ್ಟ್ 29ರಂದು, ಮೌನವಾಯಿತು. ಅಷ್ಟರಲ್ಲಿ 70,000ಕ್ಕೂ ಹೆಚ್ಚು ಚಿತ್ರಗಳನ್ನು ಕಳಿಸಿತ್ತು. ಅದನ್ನು ಅರ್ಧ ಸೋಲು ಎನ್ನುವವರಿದ್ದಾರೆ. ನನಗೆ ಹಾಗೆನಿಸಿಲ್ಲ.

ಎತ್ತರವನ್ನು ಎಲ್ಲಿಂದ ಎಣಿಸಬೇಕು ಎನ್ನುವುದೂ ಒಂದು ತೊಡಕೇ. ಶಿವಮೊಗ್ಗದ ರೈಲು ನಿಲ್ದಾಣದ ಹಳದಿ ಫಲಕದ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಇಲ್ಲವಾದರೆ ಮುಂದಿನ ಬಾರಿ ನೋಡಿ. ಚಂದ್ರನಲ್ಲಿ 'ಸಾಗರ'ಗಳೆಂದು ಹೆಸರಿಟ್ಟಿದ್ದಾರೆಯೇ ಹೊರತು ಒಂದು ಹನಿ ಅಲೆಯಿಲ್ಲ. ಆದ್ದರಿಂದ 1,737.4 ಕಿ.ಮೀ. ತ್ರಿಜ್ಯದ ಒಂದು ಕಲ್ಪಿತ ಗೋಳವನ್ನೇ ಸಮುದ್ರಮಟ್ಟವೆಂದು ಒಪ್ಪಿಕೊಂಡಿದ್ದಾರೆ. ಎತ್ತರ, ಆಳ ಎಲ್ಲ ಅಲ್ಲಿಂದ.

ಇನ್ನು ಗಡಿಕಲ್ಲು. ಅದೂ ಇದೆ. 1969ರಿಂದ 1973ರೊಳಗೆ ಅಪೊಲೊ 11, 14, 15ರ ಯಾತ್ರಿಕರು ಮತ್ತು ಸೋವಿಯತ್ತಿನ ಎರಡು ಲೂನೊಖೋಡ್ ಬಂಡಿಗಳು ಚಂದ್ರನ ಮೇಲೆ ವಿಶೇಷ ಪ್ರತಿಫಲಕಗಳನ್ನು ಬಿಟ್ಟುಬಂದಿವೆ. ಯಾವ ಕಡೆಯಿಂದ ಬೆಳಕು ಬಿದ್ದರೂ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವ ಗಾಜುಗಳು ಅವು. ಭೂಮಿಯಿಂದ ಲೇಸರ್ ಬಿಟ್ಟು, ಅದು ಮರಳಲು ಹಿಡಿದ ಸಮಯ ನೋಡಿ, ಅವುಗಳ ದೂರವನ್ನು ಸೆಂಟಿಮೀಟರುಗಳ ಮಟ್ಟಕ್ಕೆ ಅಳೆಯುತ್ತಾರೆ. ಆದರೆ ಆ ಐದೂ ಇರುವುದು ಸಮಭಾಜಕದ ಆಸುಪಾಸಿನಲ್ಲೋ ಅದರ ಉತ್ತರಕ್ಕೋ. ದಕ್ಷಿಣದ ಸೀಮೆಯಲ್ಲಿ ಕಲ್ಲಿರಲಿಲ್ಲ.

ನಾವು ಇಳಿಯಹೊರಟದ್ದು ಆ ದಕ್ಷಿಣಕ್ಕೇ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಎಷ್ಟು ಮನೆಗಳಲ್ಲಿ ಮಕ್ಕಳು ಎಚ್ಚರವಾಗಿದ್ದರೆಂದು ನೆನಪಿದೆಯಲ್ಲವೆ? 2.1 ಕಿ.ಮೀ. ಎತ್ತರದವರೆಗೆ ಎಲ್ಲ ಸರಿಯಿತ್ತು, ಆಮೇಲೆ ಸಂಪರ್ಕ ಕಡಿಯಿತು ಎಂಬ ಘೋಷಣೆ ಬಂತು. ಚಂದ್ರಯಾನ-2ರ ವಿಕ್ರಮ್ ಬಿದ್ದುಹೋಗಿತ್ತು. ಎಲ್ಲಿ ಬಿದ್ದಿತು? ಅಮೆರಿಕದ ಎಲ್.ಆರ್.ಓ. ನೌಕೆ ತೆಗೆದ ಚಿತ್ರಗಳನ್ನು ನಾಸಾ ಎಲ್ಲರಿಗೂ ಬಿಡುಗಡೆ ಮಾಡಿತು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಮನೆಯಲ್ಲೇ ಕೂತು, ಬೀಳುವ ಮುಂಚಿನ ಹಾಗೂ ನಂತರದ ಚಿತ್ರಗಳನ್ನು ಚುಕ್ಕಿ ಚುಕ್ಕಿಯಾಗಿ ಹೋಲಿಸಿದರು. ಹಳೆಯದರಲ್ಲಿ ಇಲ್ಲದ ಒಂದು ಹೊಳೆಯುವ ಚುಕ್ಕಿ ಹೊಸದರಲ್ಲಿತ್ತು. ಒಂದೇ ಚುಕ್ಕಿ! ನಾಸಾಕ್ಕೆ ಬರೆದರು. ಅವರು ಇನ್ನಷ್ಟು ಚಿತ್ರ ತೆಗೆದು ಪರಿಶೀಲಿಸಿ ಡಿಸೆಂಬರಿನಲ್ಲಿ ಹೌದೆಂದರು. ತನ್ನ ಆರ್ಬಿಟರ್ ಮೊದಲೇ ಜಾಗ ಗುರುತಿಸಿತ್ತೆಂದು ಇಸ್ರೋ ಹೇಳಿತು, ಅದಿರಲಿ. ಸಂಬಳವಿಲ್ಲ, ಪ್ರಯೋಗಾಲಯವಿಲ್ಲ, ಕಣ್ಣು ಮತ್ತು ತಾಳ್ಮೆ ಮಾತ್ರ. ಮಕ್ಕಳು ಕಂಪ್ಯೂಟರ್ ಮುಂದೆ ಕೂತರೆ ಸಾಕು ಗದರುವ ತಂದೆತಾಯಿಯರಿಗೆ ನಾನು ಈ ಕಥೆಯನ್ನು ಹೇಳುವುದುಂಟು.

ಲ್ಯಾಂಡರ್ ಬಿದ್ದರೂ ಚಂದ್ರಯಾನ-2ರ ಆರ್ಬಿಟರ್ ಕಕ್ಷೆಯಲ್ಲಿ ದುಡಿಯುತ್ತಲೇ ಇತ್ತು. ಅದರಲ್ಲಿದ್ದ ಓ.ಎಚ್.ಆರ್.ಸಿ. ಎಂಬ ಕ್ಯಾಮೆರಾದ ಒಂದು ಚುಕ್ಕಿ 100 ಕಿ.ಮೀ. ಎತ್ತರದಿಂದ 25 ಸೆಂಟಿಮೀಟರ್ ನೆಲವನ್ನು ನೋಡಬಲ್ಲದು. ನಮ್ಮ ಒಂಬತ್ತು ಇಂಚಿನ ಇಟ್ಟಿಗೆಗಿಂತ ಚೂರು ಹೆಚ್ಚು. (ಹಾಗೆಂದು ಅಲ್ಲಿಟ್ಟ ಇಟ್ಟಿಗೆಯನ್ನು ಇಟ್ಟಿಗೆಯೆಂದು ಗುರುತಿಸಬಹುದು ಎಂದುಕೊಳ್ಳಬೇಡಿ. ಅದು ಬರಿಯ ಒಂದು ಚುಕ್ಕಿ. ಆಕಾರ ತಿಳಿಯಲು ಹಲವು ಚುಕ್ಕಿ ಬೇಕು.) ಅದರ ಪಟ್ಟಿ ಮೂರೇ ಕಿ.ಮೀ. ಅಗಲ. ಇಡೀ ಚಂದ್ರನನ್ನು ನೋಡಲು ಅದು ಹುಟ್ಟಿದ್ದಲ್ಲ, ಇಳಿಯುವ ಜಾಗದ ಬಂಡೆಗಳನ್ನು ಎಣಿಸಲು. 2019ರಲ್ಲಿ ಇಳಿಯಲು ಗುರುತಿಸಿದ್ದ ಜಾಗ 500 ಮೀಟರ್ ಉದ್ದಗಲದ್ದು. ಚಂದ್ರಯಾನ-3ಕ್ಕೆ ಅದನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ವಿಸ್ತರಿಸಿದರು. ವಿಸ್ತರಿಸಲು ಸಾಧ್ಯವಾದದ್ದು ಕಲ್ಲು, ಕುಳಿ ಸಮೇತ ಆ ನೆಲದ ಚಿತ್ರ ಕೈಯಲ್ಲಿದ್ದುದರಿಂದ.

ಅಷ್ಟೇ ಅಲ್ಲ, ನಕ್ಷೆ ನೌಕೆಯ ಜೊತೆಗೇ ಹೋಯಿತು. ರಾತ್ರಿ ಬಸ್ಸಿನಲ್ಲಿ ನಿದ್ದೆಗಣ್ಣಲ್ಲೇ ಕಿಟಕಿಯಾಚೆ ನೋಡಿ "ತುಂಗಾ ಸೇತುವೆ ಬಂತು, ಇನ್ನು ಏಳಬೇಕು" ಎನ್ನುತ್ತೇವಲ್ಲ, ವಿಕ್ರಮ್ ಮಾಡಿದ್ದೂ ಅದನ್ನೇ. ತನ್ನ ಕ್ಯಾಮೆರಾಕ್ಕೆ ಕಂಡ ನೆಲವನ್ನು ಒಳಗಿಟ್ಟುಕೊಂಡ ನಕ್ಷೆಯೊಂದಿಗೆ ಹೋಲಿಸಿ ತಾನೆಲ್ಲಿದ್ದೇನೆಂದು ತಿಳಿದುಕೊಂಡಿತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ, ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಳಿಯಿತು. ಅದೇ ರಾತ್ರಿ ಹತ್ತೂಕಾಲರ ಹೊತ್ತಿಗೆ ಚಂದ್ರಯಾನ-2ರ ಆರ್ಬಿಟರ್ ಮೇಲಿನಿಂದ ಹಾದುಹೋಗುತ್ತ, ಮಧ್ಯಾಹ್ನ ಖಾಲಿಯಿದ್ದ ಜಾಗದಲ್ಲಿ ತಮ್ಮ ನಿಂತಿರುವುದನ್ನು ಚಿತ್ರ ತೆಗೆಯಿತು.

ಹಗಲು ಮುಗಿದ ಮೇಲೆ ನಿದ್ರೆಗೆ ಜಾರಿದ ವಿಕ್ರಮ್ ಮತ್ತೆ ಏಳಲಿಲ್ಲ. ಆದರೆ ಅದರ ಮೇಲೆ ನಾಸಾ ಕೊಟ್ಟ, ಐದು ಸೆಂಟಿಮೀಟರ್ ಅಗಲದ ಒಂದು ಪುಟ್ಟ ಗುಮ್ಮಟವಿದೆ. ಅದರಲ್ಲಿ ಎಂಟು ಪ್ರತಿಫಲಕ ಗಾಜುಗಳು. ಅದಕ್ಕೆ ವಿದ್ಯುತ್ ಬೇಡ, ಯಾರೂ ನಡೆಸಬೇಕಿಲ್ಲ. ಭೂಮಿಯಿಂದ ಅಳೆಯಲು ಅದು ತೀರ ಚಿಕ್ಕದು, ಕಕ್ಷೆಯಿಂದ ಸಾಕು. 2023ರ ಡಿಸೆಂಬರ್ 12ರಂದು ಎಲ್.ಆರ್.ಓ. ಸುಮಾರು 100 ಕಿ.ಮೀ. ದೂರದಿಂದ ಅದರತ್ತ ಲೇಸರ್ ಬಿಟ್ಟಿತು. ಬೆಳಕು ಮರಳಿ ಬಂತು.

ಇದನ್ನು ಹೇಳಿದಾಗ ಸರ್ವೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ದಕ್ಷಿಣಕ್ಕೆ ನಮ್ಮ ಕಲ್ಲು ನೆಟ್ಟಾಯ್ತು ಅನ್ನಿ" ಎಂದು ಎದ್ದರು. ಮಗಳ ಗಣಿತದ ಅಂಕ ಕೇಳುವುದು ಮರೆತೇಹೋಗಿತ್ತು. ಅದೇನೂ ಕಡಿಮೆಯಿರಲಿಲ್ಲ.

ಆ ರಟ್ಟು ಈಗ ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲಿದೆ. ಹುಡುಗಿ ಚಿತ್ರವನ್ನು ಕಿತ್ತು ಸರಿಯಾಗಿ ಅಂಟಿಸಲಿಲ್ಲ; ತಲೆಕೆಳಗಾಗಿಯೇ ಬಿಟ್ಟಿದ್ದಾಳೆ. ನನ್ನ ಕೆಂಪು ಗೆರೆಯನ್ನೂ ಅಳಿಸಿಲ್ಲ. ಚಿತ್ರದ ಕೆಳಗಂಚಿನಲ್ಲಿ ಮಾತ್ರ ಮೇಲ್ಮುಖವಾಗಿ ಒಂದು ಬಾಣ ಎಳೆದು, ಪಕ್ಕದಲ್ಲಿ ಬರೆದಿದ್ದಾಳೆ: 'ಬಿಸಿಲು ಈ ಕಡೆಯಿಂದ.'